ಮೈಕಿನಲ್ಲಿ ಕೂಗಿದ ಆಯೇರಿ

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಅಣ್ಣನ ಕಿರಿಯ ಮಗಳು ರೂಪಾಯಿಗೆ ‘ಬಕ್ಸ್’ ಎಂದಾಗಲೆಲ್ಲ ಅದು ಭುಗಿಲೇಳುತ್ತಿತ್ತು. ಮುಂಬಯಿ ಬದಿಯ ಠಾಕುರ್ಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ ಅವಳು, ಕೆಲಸ ಐರೋಲಿಯ ಒಂದು ಕಚೇರಿಯಲ್ಲಿ. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ರಿಕ್ಷಾಕ್ಕೆ ಐವತ್ತು ಬಕ್ಸ್, ಸಾವಿರದ ಚಪ್ಪಲಿಗೆ ಒಂದು ಗ್ರ್ಯಾಂಡ್. “ಲಕ್ಷ್ಮಿಗೆ ಅಡ್ಡಹೆಸರು ಇಡಬ್ಯಾಡ” ಎಂದು ಗದರಿದರೆ, “ಕಾಕಾ, ಚಿಲ್ ಕರೋ ನಾ” ಎಂದು ನನ್ನ ಗಲ್ಲ ಹಿಂಡಿ ಓಡುತ್ತಿದ್ದಳು.

ಹೋದ ವರ್ಷ ಅವಳ ಅಕ್ಕನ ಮದುವೆ ಕಲ್ಯಾಣದ ಒಂದು ಹಾಲಿನಲ್ಲಿ ಆಯಿತು. ವಿಜಯಪುರದ ಕಡೆಯವರಾದ ನಾವು ಆಯೇರಿಯನ್ನು, ಅಂದರೆ ಮದುವೆಯ ಮುಯ್ಯಿಯನ್ನು, ಲಕೋಟೆಯಲ್ಲಿ ಮುಚ್ಚಿಟ್ಟು ಕೊಟ್ಟು ಸುಮ್ಮನಾಗುವವರಲ್ಲ. ಕೊಟ್ಟವರು ಯಾರು, ಕೊಟ್ಟದ್ದೆಷ್ಟು ಎಂದು ಮೈಕಿನಲ್ಲಿ ಕೂಗಲೇಬೇಕು. ಗಂಡಿನವರು ಉಲ್ಹಾಸನಗರದ, ಕನ್ನಡ ಬಾರದ ಬಟ್ಟೆ ವ್ಯಾಪಾರಿಗಳು. ಹಿಂದಿಯಲ್ಲಿ ಕೂಗಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಬೀಗರೆದುರು ನಮಗೂ ಇಂಗ್ಲಿಷ್ ಬರುತ್ತದೆಂದು ತೋರಿಸುವ ಚಪಲ ನಮಗೆ. ಹಾಗಾಗಿ ಮೈಕು ಈ ಹುಡುಗಿಯ ಕೈಗೆ ಹೋಯಿತು.

ಅಣ್ಣ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹಮಾಲಿ ಮಾಡಿ ಮಕ್ಕಳನ್ನು ಓದಿಸಿದವನು. ಬೆಳಿಗ್ಗೆಯೇ ನನ್ನನ್ನು ಪಕ್ಕಕ್ಕೆ ಕರೆದು, “ನನ್ನ ಜೋಡಿ ಸರಳು ಹೊತ್ತ ಮಂದಿ ಬರ್ತಾರ. ಬೀಗರ ಮುಂದ ಅವರನ್ನ ನೋಡಿ ಯಾರೂ ನಗಬಾರ್ದು. ಅಷ್ಟು ನೋಡ್ಕೋ” ಎಂದಿದ್ದ. ಅವನ ಮುಖದಲ್ಲಿದ್ದ ಅಂಜಿಕೆ ನನಗೂ ಹತ್ತಿಕೊಂಡಿತು.

ಆಯೇರಿ ಶುರುವಾಯಿತು. ವರನ ಗೆಳೆಯರೆಲ್ಲ ನವಿ ಮುಂಬಯಿಯ ಕಂಪನಿಗಳ ಹುಡುಗರು. “ಟೂ ಗ್ರ್ಯಾಂಡ್!” ಎಂದು ಇವಳು ಕೂಗಿದರೆ ಅವರ ಸೀಟಿ, “ಓನ್ಲಿ ಫೈವ್ ಹಂಡ್ರೆಡ್ ಬಕ್ಸ್, ಕಂಜೂಸ್!” ಎಂದರೆ ಹಾಲಿಗೆ ಹಾಲೇ ನಗು. ಕೊಟ್ಟವನೂ ನಗುತ್ತಿದ್ದ. ನಾನು ಹಲ್ಲು ಕಡಿಯುತ್ತ ನಿಂತಿದ್ದೆ.

ಅಷ್ಟರಲ್ಲಿ ಕಳಂಬೋಲಿಯ ಹಮಾಲರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ. ಎಲ್ಲರೂ ಸೇರಿ ಕೂಡಿಸಿದ ಆಯೇರಿಯನ್ನು ಹಿರಿಯನೊಬ್ಬ ಎರಡೂ ಕೈಯಲ್ಲಿ ಹಿಡಿದಿದ್ದ. ಗೆಳೆಯರ ಗುಂಪಿನಿಂದ ಒಬ್ಬ, “ಹೌ ಮೆನಿ ಬಕ್ಸ್?” ಎಂದು ಕೂಗಿದ. ವೇದಿಕೆಯ ಮೇಲೆ ಅಣ್ಣ ತಲೆ ತಗ್ಗಿಸಿದ.

ಹುಡುಗಿ ಮೈಕು ಕೆಳಗಿಳಿಸಿದಳು. “ಕಾಕಾ, ಅಪ್ಪಾಜಿ ಬಾಜೂಕ ನಿಲ್ರಿ” ಎಂದು ಆ ಹಿರಿಯನಿಗೆ ಕನ್ನಡದಲ್ಲೇ ಹೇಳಿ ಹಮಾಲರನ್ನೆಲ್ಲ ಅಣ್ಣನ ಪಕ್ಕ ನಿಲ್ಲಿಸಿದಳು. ಗೆಳೆಯರ ಕಡೆ ಒಮ್ಮೆ ದಿಟ್ಟಿಸಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ, “ಫ್ರಮ್ ಮೈ ಫಾದರ್ಸ್ ಬ್ರದರ್ಸ್ ಇನ್ ಕಳಂಬೋಲಿ, ರುಪೀಸ್ ಒನ್ ಥೌಸಂಡ್ ಒನ್ ಹಂಡ್ರೆಡ್ ಅಂಡ್ ಒನ್” ಎಂದಳು.

ವರನ ತಂದೆ ಎದ್ದು ಬಂದು ಆ ಹಿರಿಯನ ಕೈ ಹಿಡಿದರು. ಅಣ್ಣ ತಲೆ ಎತ್ತಿದ. ಮುಂದೆ ಗೆಳೆಯರ ಸರದಿ ಮತ್ತೆ ಬಂದಾಗ ಗ್ರ್ಯಾಂಡೂ ಬಕ್ಸೂ ಸೀಟಿಯೊಂದಿಗೆ ಮರಳಿದವು, ಆದರೆ ಈ ಸಲ ನನಗೆ ಸಿಟ್ಟು ಬರಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಗಾದೆ ಹೇಳಿಕೊಂಡು ತಿರುಗುವವನು ನಾನು, ಮಾತು ಬಲ್ಲವಳು ಅವಳು. ಅವಳ ಮೇಲೆ ನನಗೆ ಎಷ್ಟು ಅಭಿಮಾನ ಬಂತೆಂದರೆ, ಸಿಕ್ಕಸಿಕ್ಕವರಿಗೆಲ್ಲ ‘ನಮ್ಮಣ್ಣನ ಮಗಳು’ ಎಂದು ತೋರಿಸುತ್ತ ಓಡಾಡಿದೆ.

ಊಟದ ಪಂಕ್ತಿಯಲ್ಲಿ ಆ ಹಿರಿಯ ಹಮಾಲನಿಗೆ ಹೋಳಿಗೆ ಬಡಿಸುವಾಗ, ಅವಳು ಇಂಗ್ಲಿಷಿನಲ್ಲಿ ಏನೆಂದಳೆಂದು ವಿವರಿಸಹೋದೆ. ಅವನು ಕೈ ಅಡ್ಡ ಹಿಡಿದ.

“ತಿಳೀತ್ರಿ. ಬ್ಯಾರೇದವರದು ಏನ್ ಕೂಗಿದ್ಲೋ, ಒಂದೂ ತಿಳೀಲಿಲ್ಲ. ನಮ್ದು ಅಷ್ಟೇ ತಿಳೀತು. ನಮ್ಮ ರೊಕ್ಕಕ್ಕ ರುಪಾಯಿ ಅಂದ್ಲಲ್ರಿ, ನಮ್ಮ ಹುಡುಗಿ.”