ನಾಲ್ಕು ಬರ್ನರಿನ ಕಾಟೇಜು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಮಾಡಿದವರು ನನ್ನ ಗಂಡನ ಜೊತೆ ಕೂತು ಕಾಟೇಜು ಹುಡುಕಿರಲಿಲ್ಲ. ಹುಡುಕಿದ್ದರೆ ಆ ಎರಡೂ ಸುಲಭ ಅನ್ನುತ್ತಿದ್ದರು.

ನಾನು ಕೇಳಿದ್ದು ಒಂದೇ ಒಂದು. "ಎರಡು ದಿನ ನಾನು ಒಲೆ ಹಚ್ಚಬಾರ್ದು ಕಣ್ರೀ. ಯಾರಾದ್ರೂ ಮಾಡಿ ಬಡಿಸ್ಬೇಕು, ನಾನು ಕೂತು ಉಣ್ಬೇಕು. ಜಾಗ ಎಲ್ಲಾದ್ರೂ ಇರ್ಲಿ."

ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಕುಕ್ಕರ್ ಇಡುತ್ತೇನೆ. ಅವರಿಗೆ, ಮಗಳಿಗೆ, ನನಗೆ ಅಂತ ಮೂರು ಡಬ್ಬಿ ಕಟ್ಟಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಓಡುತ್ತೇನೆ. ಸಂಜೆ ಬಂದರೆ ಮತ್ತೆ ಅದೇ ಒಲೆ. ಪೀಣ್ಯದಲ್ಲಿ ಆಯುಧಪೂಜೆಯ ದಿನ ಯಂತ್ರಗಳಿಗೂ ರಜ ಕೊಟ್ಟು ಹೂವು ಮುಡಿಸುತ್ತಾರೆ. ನನಗೆ ಅವತ್ತು ಪಾಯಸ, ಕೋಸಂಬರಿಯ ಕೆಲಸ ಇನ್ನೂ ಜಾಸ್ತಿ.

ನನ್ನ ಗಂಡ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವರು. ಬೇರೆಯವರು ತಯಾರಿಸಿ ಕಳಿಸಿದ ಮಾಲು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದೇ ಅವರ ಕೆಲಸ. ಮೊಸರಲ್ಲಿ ಕಲ್ಲು ಹುಡುಕುವುದಕ್ಕೂ ಸಂಬಳ ಕೊಡುತ್ತಾರೆ ಅಂತ ನನಗೆ ಗೊತ್ತಾದದ್ದೇ ಮದುವೆಯಾದ ಮೇಲೆ. ಕಾಟೇಜು ಅಂದ ಕೂಡಲೇ ಅವರು ಫೋನಿನಲ್ಲಿ ಇಪ್ಪತ್ತೆರಡು ಅಂಶಗಳ ಪಟ್ಟಿ ಮಾಡಿದರು. ಒಂದೊಂದಕ್ಕೂ ಹತ್ತು ಅಂಕ.

ಕನಕಪುರದ ಕಡೆಯ ಮರದ ಮನೆಗೆ ಮೆಟ್ಟಿಲು ಕಡಿದಾಗಿದೆಯಂತೆ, ರಿಜೆಕ್ಟ್. ಆನೇಕಲ್ ಕಡೆಯ ತೋಟದ ಮನೆಯಲ್ಲಿ ಮಂಚದ ಫೋಟೋ ಒಂದೇ ಮಗ್ಗುಲಿನಿಂದ ತೆಗೆದಿದ್ದಾರೆ, ಆ ಕಡೆ ಏನು ಮುಚ್ಚಿಟ್ಟಿದ್ದಾರೋ, ರಿಜೆಕ್ಟ್. ಒಂದು ಕಡೆ ನಾಯಿ ಬೊಗಳುತ್ತದೆ ಅಂತ ಬೇಡ, ಇನ್ನೊಂದು ಕಡೆ ನಾಯಿಯೇ ಇಲ್ಲ, ಭದ್ರತೆ ಸಾಲದು ಅಂತ ಬೇಡ. ಫೋನಿನಲ್ಲಿ ಇವರ ಪ್ರಶ್ನೆ ಕೇಳಿ ಕೇಳಿ ಒಬ್ಬ ಮಾಲೀಕರಿಗೆ ತಲೆ ಕೆಟ್ಟು, "ಸಾರ್, ನೀವು ಇರೋಕೆ ಬರ್ತೀರೋ, ಕೊಂಡ್ಕೊಳ್ಳೋಕೆ ಬರ್ತೀರೋ?" ಅಂದರು. ಬೇಸಿಗೆ ರಜೆ ಮುಗಿಯಿತು, ದಸರಾ ರಜೆಯೂ ಮುಗಿಯಿತು. ನಾನು ಐದಕ್ಕೆ ಎದ್ದು ಕುಕ್ಕರ್ ಇಡುತ್ತಲೇ ಇದ್ದೆ.

ಕೊನೆಗೆ ಅಳೆದೂ ಸುರಿದೂ ಮಾಗಡಿ ದಾಟಿ ಒಂದು ಕಾಟೇಜು ಪಾಸಾಯಿತು. ಮಗಳನ್ನು ಅಜ್ಜಿಮನೆಗೆ ಬಿಟ್ಟು ಇಬ್ಬರೇ ಹೋದೆವು. ಮಾಲೀಕರ ಹೆಂಡತಿ ಬೀಗ ತೆಗೆದರು. ಜಾಗ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಾನು ಜಗಲಿಯ ಮೇಲೆ ಕಾಲು ಚಾಚಿ ಕೂತೆ. ಅಷ್ಟರಲ್ಲಿ ಇವರು ಕಾರಿನಿಂದ ಒಂದು ಚೀಲ ಇಳಿಸಿದರು. ಅದರಲ್ಲಿ ಅಕ್ಕಿ, ಬೇಳೆ, ನಮ್ಮ ಮನೆಯ ಎಣ್ಣೆ, ನನ್ನ ಒಗ್ಗರಣೆ ಡಬ್ಬಿ.

"ಇದ್ಯಾಕ್ರೀ?"

"ಹೊರಗಿನ ಊಟ ನಂಬೋಕಾಗಲ್ಲ. ಅದಕ್ಕೇ ಅಡುಗೆಮನೆಗೆ ಹತ್ತಕ್ಕೆ ಹತ್ತು ಕೊಟ್ಟಿದ್ದು. ಬಾ ನೋಡು, ನಾಲ್ಕು ಬರ್ನರ್!"

ಬೀಗದ ಕೈ ಹಿಡಿದು ನಿಂತಿದ್ದ ಆಕೆ ಮೆಲ್ಲಗೆ ಹೇಳಿದರು. "ಊಟ ನಾವೇ ಮಾಡಿಕೊಡ್ತೀವಿ ಅಂದಿದ್ವಿ ಅಕ್ಕ. ಎಣ್ಣೆ ಯಾವ್ದು, ನೀರೆಲ್ಲಿಂದು ಅಂತ ಸಾರ್ ಕೇಳಿದ್ರು. ಹೇಳಿದ್ವಿ. ಸರಿಬರ್ನಿಲ್ಲ, ಬ್ಯಾಡ ಅಂದ್ರು."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಪಟ್ಟೀಲಿ ನಾನು ಕೇಳಿದ್ದು ಎಷ್ಟನೇ ನಂಬರು?" ಅಂದೆ. ಅವರು ಫೋನು ತೆಗೆದು ಮೇಲಿಂದ ಕೆಳಗೆ ನೋಡಿದರು, ಮತ್ತೆ ಕೆಳಗಿಂದ ಮೇಲೆ ನೋಡಿದರು. ನಿಜವಾಗಿಯೂ ಹುಡುಕುತ್ತಿದ್ದರು. ಅದನ್ನು ನೋಡಿ ಇನ್ನೂ ಸಿಟ್ಟು ಬಂತು, ಅಳುವೂ ಬಂತು.

"ನಿಮ್ಮನೇಲಿ ಇವತ್ತು ಏನಡುಗೆ?" ಅಂತ ಆಕೆಯನ್ನು ಕೇಳಿದೆ.

"ಮುದ್ದೆ, ಉಪ್ಸಾರು ಅಕ್ಕ. ನಿಮಗೆ ಒಗ್ತದೋ ಇಲ್ವೋ."

"ಒಗ್ಗುತ್ತೆ, ನಡೀರಿ" ಅಂತ ಚಪ್ಪಲಿ ಮೆಟ್ಟಿದೆ. ಹಿಂದಿನಿಂದ ಇವರು, "ಲೇ, ಸಾಸಿವೆ ಯಾವುದ್ರಲ್ಲಿದೆ?" ಅಂತ ಕೂಗಿದರು. ನಾನು ತಿರುಗಲಿಲ್ಲ.

ಪಕ್ಕದಲ್ಲೇ ಅವರ ಮನೆ. ಚಾಪೆ ಹಾಸಿ, ತಟ್ಟೆಗೆ ಬಿಸಿ ಮುದ್ದೆ ಹಾಕಿ, ಸಾರು ಬಿಟ್ಟರು. ಅರ್ಧ ಉಂಡಿರಲಿಲ್ಲ, ಸೌಟು ಹಿಡಿದು ಬಗ್ಗಿ, "ಇನ್ನೊಸಿ ಹಾಕ್ಲಾ?" ಅಂದರು. ಈ ಮಾತನ್ನು ದಿನಾ ಹೇಳುವವಳು ನಾನು. ನನಗೆ ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತೋ. ತಟ್ಟೆ ಮುಂದಕ್ಕೆ ಚಾಚಿದೆ.

"ನಿಮ್ಮದು ಊಟ ಆಯ್ತಾ?" ಅಂದೆ.

"ಎಲ್ಲಾರ್ದೂ ಆಗ್ಲಿ ಅಕ್ಕ. ನಂದೇನು, ಆಮ್ಯಾಕೆ."

ಮತ್ತೆ ರೇಗಿತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಎಡಗೈಯಲ್ಲೇ ಗೂಡಿನಿಂದ ಒಂದು ತಟ್ಟೆ ಎಳೆದು ನನ್ನ ಪಕ್ಕ ಇಟ್ಟೆ. "ಕೂತ್ಕೊಳ್ರೀ" ಅಂತ ಗದರಿದ ರಭಸಕ್ಕೆ ಆಕೆ ಕೂತೇಬಿಟ್ಟರು. ನಾನು ಕೈ ತೊಳೆದು ಬಂದು ಮುದ್ದೆ ಹಾಕಿ, ಸಾರು ಬಡಿಸಿದೆ. ಆ ಎರಡು ದಿನದಲ್ಲಿ ನಾನು ಸೌಟು ಹಿಡಿದದ್ದು ಅದೊಂದೇ ಸಲ.