ಛತ್ರಿ ಕಡ್ಡಿಯ ತುದಿಯ ಮೈಕು

ಕಾಕಾನ ಕೊರಳಿನ ಎಡಭಾಗದ ಚರ್ಮ ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿ, ಬಿಗಿದು, ಅಲ್ಲಲ್ಲಿ ಹೊಳೆಯುತ್ತಿತ್ತು. ನೀರು ಕುಡಿದರೆ ಬಲಭಾಗ ಮಾತ್ರ ಅಲುಗುತ್ತಿತ್ತು. ಸೊಲ್ಲಾಪುರದ ದವಾಖಾನೆಯಲ್ಲಿ ಗಂಟಲಿನ ಗಡ್ಡೆ ತೆಗೆದು, ಮೇಲೆ ರೇಡಿಯೇಷನ್ನಿನ ಕರೆಂಟು ಕೊಟ್ಟು ಕಳಿಸಿದ್ದರು. ಜೀವ ಉಳಿದಿತ್ತು, ದನಿ ಹೋಗಿತ್ತು. ಎಡಭಾಗ ಎಂದು ನಾನು ಬರೆಯುತ್ತಿದ್ದೇನೆ; ನನ್ನ ತಂಗಿ ಬಲಭಾಗ ಎನ್ನುತ್ತಾಳೆ. ಯಾರ ನೆನಪು ಸರಿ ಎಂದು ನೋಡಲು ಒಂದು ಫೋಟೊ ಕೂಡ ಇಲ್ಲ. ಆಪರೇಷನ್ ಆದಮೇಲೆ ಅವರು ಫೋಟೊಕ್ಕೆ ನಿಲ್ಲಲಿಲ್ಲ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಇಂಡಿ ಊರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಲಿಂಬೆ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಸವಾಲು ಕೂಗುವುದು ಅವರ ಕೆಲಸ. ರೈತರು ಸುರಿದ ರಾಶಿಯ ಮುಂದೆ ನಿಂತು, ಸುತ್ತ ನೆರೆದ ವ್ಯಾಪಾರಿಗಳಿಂದ ದರ ಏರಿಸುತ್ತ ಹೋಗಬೇಕು. ಅವರ ಕೂಗು ಬಸ್‌ಸ್ಟ್ಯಾಂಡಿನ ತನಕ ಕೇಳುತ್ತಿತ್ತು ಎಂದು ಜನ ಹೇಳುತ್ತಾರೆ. ನಾನು ಧಾರವಾಡದಲ್ಲಿ ಓದಿ, ಯಾವುದಕ್ಕೂ ಪುರಾವೆ ಕೇಳುವ ಚಟ ಹತ್ತಿಸಿಕೊಂಡು ಬಂದವನು. ನಡುವೆ ಅಷ್ಟು ಲಾರಿ, ಅಷ್ಟು ಹಾರ್ನು ಇರುವಾಗ ಅದು ಸಾಧ್ಯವಿಲ್ಲ. ಆದರೂ ಬಸ್ಸಿಗೆ ಕಾಯುತ್ತ ನಿಂತು ಅದನ್ನು ಕೇಳಿದ ಹಾಗೆಯೇ ನನಗೂ ನೆನಪಿದೆ.

ಅಂಗಡಿಯ ಸಾವಕಾರ ನೋಡಲು ಬಂದಾಗ, “ದನಿ ಬರಲಿ, ನಿಮ್ಮ ಜಾಗಾ ಎಲ್ಲಿಗೂ ಹೋಗಂಗಿಲ್ಲ” ಎಂದು ಹೇಳಿ ಹೋಗಿದ್ದರು. ಸಮಾಧಾನಕ್ಕೆ ಆಡಿದ ಮಾತು. ಕಾಕಾ ಅದನ್ನು ಕರಾರು ಎಂದೇ ಹಿಡಿದುಕೊಂಡರು. ಅವರಲ್ಲಿ ಉಳಿದಿದ್ದದ್ದು ಪಿಸುಮಾತು ಮಾತ್ರ. ಎದುರಿಗೆ ಕೂತವರಿಗೂ ಅರ್ಧ ಕೇಳಿಸದು. ಪಿಸುಮಾತನ್ನೇ ಪೇಟೆಗೆ ಕೇಳಿಸಬೇಕೆಂದು ಅವರು ಹೊರಟರು.

ಸಂತೆಯಲ್ಲಿ ಸಿಗುವ ಅಗ್ಗದ ಹೆಡ್‌ಫೋನ್ ಒಂದನ್ನು ತಂದರು. ಪರಿಚಯದ ಮಾಸ್ತರರೊಬ್ಬರು ಪಾಠ ಮಾಡುವಾಗ ಟೊಂಕಕ್ಕೆ ಕಟ್ಟಿಕೊಳ್ಳುತ್ತಿದ್ದ ಸಣ್ಣ ಸ್ಪೀಕರ್ ಡಬ್ಬಿ ಕೊಟ್ಟರು. ಅದರ ಮೈಕು ಮುರಿದಿತ್ತು, ಡಬ್ಬಿ ಚೆನ್ನಾಗಿತ್ತು. ಚಾರ್ಜಿಗೆ ಹಾಕಿದರೆ ಕೆಂಪು ದೀಪ, ತುಂಬಿದರೆ ಹಸಿರು. ಹೆಡ್‌ಫೋನಿನ ಮೈಕು ಕಿವಿಯ ಬಟ್ಟಲಿನೊಳಗೆ ಕೂತಿತ್ತು. ಅಲ್ಲಿಗೆ ಪಿಸುಮಾತು ಮುಟ್ಟುತ್ತಿರಲಿಲ್ಲ. ಕಾಕಾ ಬಟ್ಟಲು ಬಿಚ್ಚಿ, ತೊಗರಿ ಕಾಳಿನಷ್ಟಿದ್ದ ಆ ಮೈಕನ್ನು ಹೊರಗೆಳೆದು, ತಂತಿ ಸೇರಿಸಿ, ಹಳೆಯ ಛತ್ರಿಯ ಕಡ್ಡಿಯ ತುದಿಗೆ ಕಟ್ಟಿ ತುಟಿಯ ಮೂಲೆಗೆ ತಂದರು. ಉಸಿರು ‘ಬುಸ್’ ಎನ್ನದಿರಲು ಅದಕ್ಕೊಂದು ಸ್ಪಂಜಿನ ಟೊಪ್ಪಿಗೆ. ಸುಟ್ಟ ಚರ್ಮಕ್ಕೆ ಏನು ತಾಕಿದರೂ ಉರಿ. ಅದಕ್ಕೆ ಆ ಕಡೆಯ ಬಟ್ಟಲನ್ನು ಕತ್ತರಿಸಿ ಹಾಕಿ, ಪಟ್ಟಿಯ ತುದಿ ಕಿವಿಯ ಮೇಲೆ, ತಲೆಬುರುಡೆಗೆ ಒರಗುವಂತೆ ಬಗ್ಗಿಸಿದರು. ಪಟ್ಟಿಗೆ ತಮ್ಮ ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಹಳೆಯ ಇಳಕಲ್ ಸೀರೆಯ ತುಂಡು ಸುತ್ತಿದರು. ತೊಳೆದು ತೊಳೆದು ಮೆತ್ತಗಾದ ಬಟ್ಟೆ.

“ಕಿವಿಗಿ ಹಾಕ್ಕೊಳ್ಳೂದನ್ನ ಬಾಯಿಗಿ ಹಾಕ್ಕೊಂಡಾರ ನೋಡೋ ತಮ್ಮಾ” ಎಂದು ಕಾಕು ನನ್ನನ್ನು ಕರೆದು ತೋರಿಸಿದಳು. ಟೊಂಕದ ಡಬ್ಬಿಯಿಂದ ಕಬ್ಬಿನ ಒಣ ರವದಿ ಎಳೆದಂಥ ದನಿ ಬಂತು: “ನಿನ್ನ ಸೀರಿ ತಲಿಮ್ಯಾಲ ಹೊತ್ತೇನಿ. ಇನ್ನೇನ್ ಬೇಕ ನಿನಗ?” ಕಾಕು ನಕ್ಕಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸವಾಲಿಗೆ ಹೋದ ದಿನ ನಾನೂ ಜೊತೆಗಿದ್ದೆ. ಸಾಲೋಟಗಿ ಕಡೆಯ ರೈತನೊಬ್ಬನ ರಾಶಿ. ಕಾಕಾ ತಲೆಗೆ ಪಟ್ಟಿ ಏರಿಸಿ ಕೂಗಿದಾಗ ಪೇಟೆ ಮರ್ಯಾದೆಗೆಂದೇ ಸುಮ್ಮನಾಯಿತು. ದರ ಏರತೊಡಗಿತು. ಎರಡು ಕೂಗಿನ ನಡುವೆ, ಕಾಕಾ ಒಬ್ಬ ವ್ಯಾಪಾರಿಯ ಮುಖ ನೋಡುತ್ತಿದ್ದಾಗ, ಡಬ್ಬಿ ತಾನೇ ಮಾತಾಡಿತು: “ಇಂವ ಇನ್ನೂ ನೂರ ಏರ್ತಾನ. ಮಾರಿ ಗಂಟ್ ಹಾಕ್ಕೊಂಡು ನಾಟಕ ಮಾಡಾಕತ್ತಾನ.”

ಜನ ಘೊಳ್ಳೆಂದು ನಕ್ಕರು. ರೈತ ಆ ವ್ಯಾಪಾರಿಗೆ ಕೈ ಮುಗಿದು, “ಏರ್ರಿ ಸಾವಕಾರ್ರ, ಕಾಕಾ ಹೇಳ್ಯಾರ” ಅಂದ. ವ್ಯಾಪಾರಿಯ ಮುಖ ಕೆಂಪಾಯಿತು. “ನನ್ನ ಹೊಟ್ಟ್ಯಾಗಿಂದು ಮೈಕಿನ್ಯಾಗ ಒದರ್ತಿಯೇನೋ ಮುದುಕಾ?” ಎಂದು ಟವೆಲ್ಲು ಕೊಡವಿ ಹೊರಟೇಬಿಟ್ಟ. ಮುಂದಿನ ರಾಶಿಗೆ ಡಬ್ಬಿ, “ಮ್ಯಾಲ ಛಲೋ ಕಾಯಿ, ತಳದಾಗ ಕೊಳತಾವ” ಅಂದಿತು. ಈ ಸಲ ರೈತನೇ ಜಗಳಕ್ಕೆ ಬಂದ. ಕಾಕಾ ಸುತ್ತ ನೋಡುತ್ತಿದ್ದರು, ಇದನ್ನು ಅಂದವರು ಬೇರೆ ಯಾರೋ ಎಂಬಂತೆ.

ಕೂಗುವ ಮುಂಚೆ ಎದುರಿನವರ ಮುಖವನ್ನೂ ರಾಶಿಯನ್ನೂ ಅಳೆದು, ಅದನ್ನು ತಮಗೆ ತಾವೇ ಗೊಣಗಿಕೊಂಡು, ಆಮೇಲೆ ದನಿ ಎತ್ತುವುದು ಅವರ ಪದ್ಧತಿ. ಗಟ್ಟಿ ದನಿ ಇದ್ದಾಗ ಆ ಗೊಣಗು ಪೇಟೆಯ ಗದ್ದಲದಲ್ಲಿ ಮುಳುಗುತ್ತಿತ್ತು. ಈಗ ಕೂಗೂ ಪಿಸುಮಾತೇ, ಗೊಣಗೂ ಪಿಸುಮಾತೇ. ಮೈಕಿಗೆ ಎರಡೂ ಒಂದೇ.

ಸಾವಕಾರ ಅವರನ್ನು ಪಕ್ಕಕ್ಕೆ ಕರೆದು ಭುಜ ಹಿಡಿದುಕೊಂಡರು. “ಕಾಕಾ, ಮನ್ಯಾಗ ಆರಾಮ ಇರ್ರಿ. ದನಿ ಹ್ವಾದ್ರ ಹೆಂಗರ ನಡಸ್ತಿದ್ದೆ. ಎಲ್ಲಾರ ಗುಟ್ಟು ಹಿಂಗ ಹೊರಗ ಬಿದ್ದರ ನನ್ನ ಅಂಗಡಿ ನಡ್ಯಾಂಗಿಲ್ಲರಿ.”

ಮನೆಗೆ ಬರುವ ದಾರಿಯಲ್ಲಿ ಕಾಕಾ ಒಂದೇ ಮಾತಾಡಿದರು. “ನಾ ಇದನ್ನ ಮನಸಿನ್ಯಾಗ ಅನ್ಕೋತೇನಿ ಅಂತ ತಿಳಿದಿದ್ದೆ ತಮ್ಮಾ. ಬಾಯಾಗ ಅಂತಿದ್ದೆ ಅಂತ ಗೊತ್ತ ಇರಲಿಲ್ಲ.”

ಗುಂಡಿ ಒತ್ತಿ ಬಂದ್ ಮಾಡುವ ಏರ್ಪಾಟನ್ನೂ ಮಾಡಿ ನೋಡಿದರು. ಗೊಣಗಲು ಶುರು ಮಾಡಿದ್ದು ತಮಗೇ ತಿಳಿಯದ ಮೇಲೆ ಬೆರಳಿಗೆ ಹೇಗೆ ತಿಳಿಯಬೇಕು? ಸಾವಕಾರ ಮತ್ತೆ ಕರೆಯಲಿಲ್ಲ. ಆ ಜಾಗಕ್ಕೆ ಸಿಂದಗಿಯ ಕಡೆಯವನೊಬ್ಬ ಬಂದ. ಕಾಕಾ ಪೇಟೆಯ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟರು.

ಮರುವರ್ಷದ ಲಿಂಬೆ ಪೇಟೆಗೆ ಬರುವ ಹೊತ್ತಿಗೆ ಗಡ್ಡೆ ಮತ್ತೆ ಬಂತು. ಈ ಸಲ ಸೊಲ್ಲಾಪುರದವರು, ಮನೆಗೆ ಕರೆದುಕೊಂಡು ಹೋಗಿ ಅಂದರು. ನಾನು ಹೋಗಿ ಮಂಚದ ಬಳಿ ಕೂತು, “ಆರಾಮ ಆಗ್ತೀರಿ ಕಾಕಾ” ಎಂದೆ. ಡಬ್ಬಿ ಸ್ಪಷ್ಟವಾಗಿ ಹೇಳಿತು: “ಪಾಪ, ಸುಳ್ಳ ಹೇಳಾಕ ಬರಂಗಿಲ್ಲ ಇವಗ.” ಅವರು ನನ್ನನ್ನು ನೋಡಿ ತಲೆದೂಗಿದರು. ಅನ್ನಬೇಕೆಂದೇ ಅಂದರೋ, ಬಾಯಿ ತಪ್ಪಿ ಬಂತೋ, ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಅಂದಿನಿಂದ ರೋಗಿಯ ಹತ್ತಿರ ಕೂತಾಗ ‘ಆರಾಮ ಆಗ್ತೀರಿ’ ಎಂಬ ಮಾತು ಮಾತ್ರ ನನ್ನ ಬಾಯಿಗೆ ಬರುವುದಿಲ್ಲ. ಅವರಿಂದ ನನಗೆ ಬಂದದ್ದು ಅಷ್ಟು.

ಕೊನೆಗೆ ಪಿಸುಮಾತೂ ನಿಂತಿತು. ಕಾಕು ಮೈಕನ್ನು ತೆಗೆಯಲಿಲ್ಲ. ಪಟ್ಟಿಯ ಬಟ್ಟೆ ಬದಲಿಸಿ, ಕಡ್ಡಿಯನ್ನು ಬಾಯಿಯ ಹತ್ತಿರ ಸರಿಪಡಿಸಿ, ಡಬ್ಬಿಯನ್ನು ಮಂಚದ ಕೆಳಗಿಟ್ಟಳು. ಅಡುಗೆಮನೆಯಲ್ಲಿ ಕೂತರೂ ಅವರ ಉಸಿರು ಅವಳಿಗೆ ಕೇಳುತ್ತಿತ್ತು. ನಮ್ಮ ಗೋಡೆಗೂ ಕೇಳುತ್ತಿತ್ತು. ಎರಡು ಸದ್ದುಗಳು: ರೊಟ್ಟಿ ಬಡಿಯುವುದು, ಉಸಿರು ಎಳೆಯುವುದು.

ಆ ಮುಂಜಾನೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ ಎಂದು ನನ್ನ ನೆನಪು. “ನೀ ಎಲ್ಲಿದ್ದಿ, ನೀ ಬಂದದ್ದು ಆಮ್ಯಾಲ” ಎನ್ನುತ್ತಾಳೆ ಕಾಕು. ಅವಳ ಮಾತೇ ನಿಜವಿರಬೇಕು. ಅವಳು ಹೇಳಿದ್ದನ್ನೇ ನಾನು ಕಂಡಂತೆ ಜೋಡಿಸಿಕೊಂಡಿರಬಹುದು. ಡಬ್ಬಿಯ ಸದ್ದು ನಿಂತಿತು. ಅವಳು ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು. “ಚಾರ್ಜ್ ಹೋತು ಕಾಣಸ್ತೈತಿ” ಎಂದುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರನ್ನು ಎಬ್ಬಿಸಬಾರದೆಂದು ಮೆಲ್ಲಗೆ ಮೈಕಿನ ಪಿನ್ನು ಕಿತ್ತು, ಡಬ್ಬಿಯನ್ನು ತಂದು ಚಾರ್ಜಿಗೆ ಹಾಕಿದಳು. ಹಿಟ್ಟಿನ ಕೈಯಲ್ಲೇ ಸ್ವಿಚ್ಚು ಒತ್ತಿದಳು.

ಕೆಂಪಲ್ಲ, ಹಸಿರು ದೀಪ ಹತ್ತಿತು.