ಎಂಜಿನ್ ಆರಿಸಲೊಲ್ಲದವನು ಮತ್ತು ನಮ್ಮ ಪಾಗ್ಮಾ

ಪಾಗ್ಮಾಳ ಬಾಯಿ ಕೆಟ್ಟದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಅವಳನ್ನು ದೇವತೆ ಮಾಡಲು ಹೊರಟಿದ್ದೇನೆ ಎಂದುಕೊಂಡೀರಿ. ಗೋಬಿ ಮರುಭೂಮಿಯ ಕಲ್ಲಿದ್ದಲು ಲಾರಿಗಳ ದಾರಿಯಲ್ಲಿ ಅವಳ ರಿಪೇರಿ ಷೆಡ್ಡೂ ನನ್ನ ಚಹಾದಂಗಡಿಯೂ ಗೋಡೆಗೆ ಗೋಡೆ ತಾಗಿಕೊಂಡಿವೆ. ಅವಳು ಚಾಲಕರನ್ನು ಬೈಯುವುದು ಕೇಳಿ ಕೇಳಿ ನನ್ನ ಒಲೆಯ ಮೇಲಿನ ಹಾಲು ಎಷ್ಟೋ ಸಲ ಉಕ್ಕಿಹೋಗಿದೆ.

ಅವಳು ಹುಡುಗಿಯಾಗಿದ್ದಾಗ ಸರ್ಕಾರಿ ಲಾರಿ ಡಿಪೋದಲ್ಲಿ ಬಿಡಿಭಾಗ ತೊಳೆಯುವ ಕೆಲಸಕ್ಕಿದ್ದಳು. ಸುಟ್ಟ ವಾಲ್ವ್ ಕೈಗೆ ಸಿಕ್ಕರೆ ಸುಮ್ಮನೆ ತೊಳೆದಿಡುವವಳಲ್ಲ. ಇದು ಯಾಕೆ ಸುಟ್ಟಿತು, ಪಕ್ಕದ್ದು ಯಾಕೆ ಸುಡಲಿಲ್ಲ ಎಂದು ಮೇಸ್ತ್ರಿಯ ತಲೆ ತಿಂದಳು. ಕಾಟ ತಾಳಲಾರದೆ ಅವನು ಅವಳ ಕೈಗೆ ಸ್ಪ್ಯಾನರ್ ಕೊಟ್ಟ. ಡಿಪೋ ಮುಚ್ಚಿದ ಮೇಲೆ ಗಂಡಸರೆಲ್ಲ ಆಡು ಮೇಯಿಸಲು ಹಿಂತಿರುಗಿದರು, ಇವಳು ಸ್ಪ್ಯಾನರುಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ಇಲ್ಲಿಗೆ ಬಂದಳು. ಜೊತೆಗಿದ್ದ ಗಂಡ, ನನ್ನ ಮಾತಿಗಿಂತ ಎಂಜಿನ್ ಮಾತೇ ನಿನಗೆ ಹೆಚ್ಚು ಎಂದು ಜಗಳವಾಡಿ ಬಿಟ್ಟುಹೋದ. "ಅವನು ಹೇಳೋದ್ರಲ್ಲಿ ಕೇಳೋಂಥದ್ದು ಏನಿತ್ತೇ?" ಎಂದು ಅವಳು ನನ್ನನ್ನೇ ಕೇಳಿದ್ದಳು. ನಿಜಕ್ಕೂ ಏನೂ ಇರಲಿಲ್ಲ.

ಕಳೆದ ಚಳಿಗಾಲದ ಮೂರನೆಯ ಒಂಬತ್ತು ದಿನಗಳ ಮಾತು. ನಾವು ಚಳಿಗಾಲವನ್ನು ಒಂಬತ್ತೊಂಬತ್ತು ದಿನಗಳ ಒಂಬತ್ತು ಪಾಲು ಮಾಡಿ ಎಣಿಸುತ್ತೇವೆ. ಮೂರು ವರ್ಷದ ಹೋರಿಯ ಕೊಂಬೂ ಹೆಪ್ಪುಗಟ್ಟುತ್ತದೆ ಎನ್ನುತ್ತೇವಲ್ಲ, ಆ ಚಳಿ. ಆಗ ಈ ದಾರಿಯಲ್ಲಿ ಯಾರೂ ಎಂಜಿನ್ ಆರಿಸುವುದಿಲ್ಲ. ಊಟಕ್ಕೆ ಕೂತರೂ, ಮಲಗಿದರೂ ಅಂಗಳದ ತುಂಬ ಲಾರಿಗಳು ಗುರ್ರೆನ್ನುತ್ತಲೇ ಇರುತ್ತವೆ. ಬೆಳಿಗ್ಗೆ ಅವುಗಳ ನಡುವೆ ಒಂದು ಹಳೆಯ ಲಾರಿ ಬಂದು ನಿಂತಿತು. ಜ್ವರ ಬಂದವನಂತೆ ನಡುಗುತ್ತಿತ್ತು, ಬಿಳಿ ಹೊಗೆ ಕಾರುತ್ತಿತ್ತು. ಓಡಿಸುತ್ತಿದ್ದವನು ತುಮೆನ್ ಎಂಬ ಯುವಕ. ಗಡ್ಡ ಬೋಳಿಸಿ ಎಷ್ಟು ಕಾಲವಾಗಿತ್ತೋ. ನಾನು ಊಟಕ್ಕೆ ಕರೆದರೆ ಇಳಿಯಲಿಲ್ಲ, ಕಿಟಕಿಯಿಂದಲೇ ಕೈಚಾಚಿ ಚಹಾ ಇಸಿದುಕೊಂಡ. ಸೊಕ್ಕು ಎಂದುಕೊಂಡೆ.

ಪಾಗ್ಮಾ ಬಾನೆಟ್ ಎತ್ತಿ, ಓಡುತ್ತಿರುವ ಎಂಜಿನ್ನಿನ ಆರು ಸಿಲಿಂಡರಿಗೂ ಡೀಸೆಲ್ ಒಯ್ಯುವ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿದಳು. ಮೊದಲನೆಯದು ಸಡಿಲವಾದಾಗ ಎಂಜಿನ್ ಕುಗ್ಗಿತು. ಎರಡನೆಯದಕ್ಕೂ ಕುಗ್ಗಿತು, ಮೂರನೆಯದಕ್ಕೂ. ನಾಲ್ಕನೆಯದನ್ನು ಸಡಿಲಿಸಿದಾಗ ಸದ್ದು ಬದಲಾಗಲೇ ಇಲ್ಲ.

"ಡೀಸೆಲ್ ಚಿಮ್ತಿದೆ, ಕೆಲ್ಸ ಮಾತ್ರ ಮಾಡ್ತಿಲ್ಲ. ನಾಲ್ಕನೇ ಸಿಲಿಂಡರ್ ಸತ್ತಿದೆ" ಎಂದವಳೇ ನನ್ನ ತಲೆಯ ಸ್ಕಾರ್ಫನ್ನು ಕಿತ್ತುಕೊಂಡಳು.

"ಏಯ್, ಅದು ಹೊಸದು ಕಣೇ!"

"ನಿಂಗೇನು ಇನ್ನೊಂದು ಮದ್ವೆ ಇದ್ಯಾ? ಸುಮ್ನಿರು."

ಹೊಗೆ ಕೊಳವೆಯ ಬಾಯಿಗೆ ಸ್ಕಾರ್ಫ್ ಹಿಡಿದಳು. ಅದು ಹೊರಗೆ ಹಾರಾಡುವ ಬದಲು ಆಗಾಗ ಪಟ್ಟನೆ ಒಳಕ್ಕೆ ಹೋಗುತ್ತಿತ್ತು. ಹೊಗೆ ಬಿಡುವ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂದಳು.

"ವಾಲ್ವ್ ಬಿಗಿ ಮಾಡಿದ್ದು ಯಾರೋ?"

"ಅಣ್ಣ. ಶರತ್ಕಾಲದಲ್ಲಿ. ಟಿಕ್ ಟಿಕ್ ಅಂತಿತ್ತು, ಸದ್ದು ನಿಲ್ಲೋವರ್ಗೂ ಬಿಗಿದ."

"ಸದ್ದು ಮಾಡೋ ವಾಲ್ವ್ ಬದುಕಿರುತ್ತೆ ಕಣೋ. ಬಾಯಿ ಕಟ್ಟಿದ್ರೆ ಒಳಗೊಳಗೇ ಸುಡುತ್ತೆ. ಹೀಗೇ ಓಡ್ಸಿದ್ರೆ ಅದು ಮುರಿದು ಒಳಗೆ ಬೀಳುತ್ತೆ, ಈ ಚಳೀಲಿ ನಡುದಾರೀಲಿ ನೀನೂ ಸೆಟೆದು ಕಟ್ಟಿಗೆ ಆಗ್ತೀಯ. ಆಫ್ ಮಾಡು. ತಣ್ಣಗಾದ್ಮೇಲೆ ಸಡಿಲ ಮಾಡ್ತೀನಿ."

"ಆಫ್ ಮಾಡಲ್ಲ."

"ಮಾಡಲ್ವಾ? ನಿಮ್ಮಪ್ಪನ..." ಎಂದು ಅವಳು ಶುರುಮಾಡಿದ್ದನ್ನು ನಾನು ಇಲ್ಲಿ ಬರೆಯಲಾರೆ. ಅವನು ಎಲ್ಲವನ್ನೂ ಕೇಳಿಸಿಕೊಂಡ. ಸ್ಟಿಯರಿಂಗ್ ಮಾತ್ರ ಬಿಡಲಿಲ್ಲ.

"ಅಕ್ಕ, ಇದನ್ನ ಸ್ಟಾರ್ಟ್ ಮಾಡಿದ್ದು ಅಣ್ಣ. ಲುವ್ಸನ್ ಅಂತ. ಗಣಿ ಹತ್ರ ಸಾಲಲ್ಲಿ ನಿಂತಿದ್ವಿ. ನಾನು ಬಿಸಿನೀರು ತರೋಕೆ ಹೋಗಿದ್ದೆ. ಬಂದು ನೋಡಿದ್ರೆ ಸೀಟಲ್ಲೇ ಎದೆ ಹಿಡ್ಕೊಂಡು ಹೋಗ್ಬಿಟ್ಟಿದ್ದ. ಎಂಜಿನ್ ಓಡ್ತಾನೇ ಇತ್ತು. ಆವತ್ತಿಂದ ಆರಿಸಿಲ್ಲ. ಅವನು ಹಚ್ಚಿದ ಬೆಂಕಿ ಇದೊಂದೇ ಉಳಿದಿರೋದು."

ಅದು ಚಳಿಗಾಲದ ಮೊದಲ ಒಂಬತ್ತು ದಿನಗಳಲ್ಲಿ ನಡೆದದ್ದಂತೆ. ಅಲ್ಲಿಂದ ಅವನು ಡೀಸೆಲ್ ತುಂಬಿಸುತ್ತ, ಎಣ್ಣೆ ಸುರಿಯುತ್ತ, ಕ್ಯಾಬಿನ್ನಿನಲ್ಲೇ ಕುಳಿತು ನಿದ್ದೆ ಮಾಡುತ್ತ ಬಂದಿದ್ದ. ಎಲ್ಲರ ಎಂಜಿನ್ನೂ ಓಡುತ್ತಿರುವಾಗ ಇವನದನ್ನು ಯಾರು ಗಮನಿಸುತ್ತಾರೆ? ಸೊಕ್ಕು ಎಂದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು.

ಪಾಗ್ಮಾ ಬೈಗುಳ ನಿಲ್ಲಿಸಿದಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಕ್ಯಾಬಿನ್ನಿನ ಮೆಟ್ಟಿಲು ಹತ್ತಿ, ಕಿಟಕಿಯ ಹತ್ತಿರ ಮುಖ ತಂದು ಮೆಲ್ಲನೆ ಕೇಳಿದಳು.

"ಮನೇಲಿ ನೀನೆಷ್ಟನೆಯವನೋ?"

"ಕೊನೆಯವನು."

"ಹಾಗಾದ್ರೆ ಮನೆ ಒಲೆ ಯಾರದ್ದು?"

ದೊಡ್ಡ ಮಕ್ಕಳು ತಮ್ಮ ಪಾಲಿನ ಕೆಂಡ ಒಯ್ದು ಬೇರೆ ಗುಡಾರ ಹೂಡಿದ ಮೇಲೆ ಅಪ್ಪನ ಒಲೆ ಕಿರಿಯ ಮಗನದು. ನಮ್ಮಲ್ಲಿ ಅದು ಹಸುಳೆಗೂ ಗೊತ್ತು.

"ಒಂದು ಗುಡಾರದಿಂದ ಇನ್ನೊಂದಕ್ಕೆ ಬೆಂಕಿ ಒಯ್ಯೋದು ಕಂಡಿದ್ದೀಯಲ್ಲ? ಹಂಗೇ ಮಾಡಣ. ಆರಿಸೋದಲ್ಲ, ಇದರ ಬಿಸೀನ ಒಳಗೆ ತಗೊಂಡೋಗೋದು."

ರೇಡಿಯೇಟರಿನ ಕೆಳಗೆ ಅವಳು ಹಾಲಿನ ಕ್ಯಾನ್ ಇಟ್ಟಳು, ಅದೂ ನನ್ನದೇ. ಎಂಜಿನ್ ಓಡುತ್ತಿರುವಾಗಲೇ ನಲ್ಲಿ ತಿರುಗಿಸಿದಳು. ಕುದಿಯುವ ನೀರು ಹಬೆಯೆಬ್ಬಿಸುತ್ತ ಇಳಿಯತೊಡಗಿತು.

"ಈಗ. ನಿನ್ನ ಕೈಯಿಂದಲೇ."

ತುಮೆನ್ ಕೈ ಎತ್ತಿ ಇಳಿಸಿದ, ಮತ್ತೆ ಎತ್ತಿದ. ಕೊನೆಗೆ ಕೀಲಿ ತಿರುಗಿತು. ಅಕ್ಕಪಕ್ಕದ ಲಾರಿಗಳು ಗುರ್ರೆನ್ನುತ್ತಲೇ ಇದ್ದರೂ ನನಗೆ ಇಡೀ ಅಂಗಳ ಮೌನವಾದಂತೆ ಅನಿಸಿತು. ಅವನು ಸ್ಟಿಯರಿಂಗಿಗೆ ಹಣೆ ಇಟ್ಟು ಅತ್ತ. ಸಣ್ಣ ಮಕ್ಕಳು ಅಳುವಂತೆ, ದೊಡ್ಡ ಸದ್ದಿನಲ್ಲಿ. ಅಳು ನಿಲ್ಲಿಸಲು ಯಾರೂ ಹೋಗಲಿಲ್ಲ.

ಆ ನೀರನ್ನು ನನ್ನ ಒಲೆಯ ಮೇಲಿಟ್ಟೆವು. ಬ್ಯಾಟರಿಗಳನ್ನೂ ಒಳಗೆ ತಂದೆವು. ನೀರು ತಣ್ಣಗಾಗದಂತೆ ಅವನು ಒಣ ಸಗಣಿ ಒಟ್ಟುತ್ತಲೇ ಕುಳಿತ, ನನ್ನನ್ನು ಒಲೆಯ ಹತ್ತಿರ ಸೇರಿಸಲಿಲ್ಲ. ಹೊರಗೆ ಪಾಗ್ಮಾ ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದಳು. ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯನ್ನು ವಾಲ್ವಿನ ಸಂದಿಗೆ ತೂರಿಸಿ ಎಳೆದು ನೋಡುವಾಗ ಕೈಗವಸು ಹಾಕಿದರೆ ಏನೂ ತಿಳಿಯುವುದಿಲ್ಲ. ನಾಲ್ಕನೆಯದರಲ್ಲಿ ಪಟ್ಟಿ ಹೋಗಲೇ ಇಲ್ಲವಂತೆ. ಅದನ್ನು ಸಡಿಲಿಸಿ ಒಳಗೆ ಬಂದಾಗ ಅವಳ ಬೆರಳ ತುದಿಗಳು ಬೆಳ್ಳಗಾಗಿದ್ದವು.

"ಅಂಚು ಸ್ವಲ್ಪ ಸುಟ್ಟಿರಬೋದು. ಆದ್ರೂ ಮುಚ್ತಿದೆ. ನಿಮ್ಮಣ್ಣ ಬಿಗಿದಿದ್ದು ಪ್ರೀತಿಯಿಂದಲೇ ಅನ್ನು. ಆದ್ರೆ ಬಿಗಿದಿದ್ದು ಜಾಸ್ತಿ."

ಎಂಜಿನ್ನಿನ ಎಣ್ಣೆ ಕರಗಲು ನನ್ನ ಒಲೆಯ ಕೆಂಡಗಳನ್ನು ಬಾಣಲೆಯಲ್ಲಿ ತುಂಬಿ ಅದರ ಕೆಳಗೆ ಸರಿಸಿದೆವು. ಬ್ಯಾಟರಿಗಳನ್ನು ಮತ್ತೆ ಕೂರಿಸಿದ ಮೇಲೆ ಬಿಸಿನೀರನ್ನು ತುಮೆನ್ ಒಂದು ಹನಿ ಚೆಲ್ಲದೆ ತಾನೇ ರೇಡಿಯೇಟರಿಗೆ ಸುರಿದ. ಕೀಲಿಯನ್ನು ಪಾಗ್ಮಾಳ ಮುಂದೆ ಹಿಡಿದರೆ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನನ್ನ ಒಲೆ ಅಲ್ಲ ಅದು."

ಮೊದಲ ಸಲ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಎರಡನೆಯ ಸಲ ಹತ್ತಿಕೊಂಡಿತು. ಒಂದಷ್ಟು ಕಪ್ಪು ಹೊಗೆ ಉಗುಳಿ, ನಡುಕ ನಿಂತು, ಆರೂ ಸಿಲಿಂಡರ್ ಒಂದೇ ಸಮನೆ ಓಡತೊಡಗಿದವು. ಮೇಲಿನಿಂದ ಸಣ್ಣಗೆ ಟಿಕ್ ಟಿಕ್ ಕೇಳುತ್ತಿತ್ತು.

"ಕೇಳ್ತಾ? ಅದು ಇರ್ಬೇಕು" ಎಂದಳು ಪಾಗ್ಮಾ.

ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೂ ಅವನು ಕಿವಿಗೊಟ್ಟು ಕುಳಿತ. ಇನ್ನು ಗೇರ್ ಹಾಕಿ ಹೊರಡುತ್ತಾನೆ ಎಂದುಕೊಂಡೆವು. ಅವನು ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟ. ಪಾಗ್ಮಾಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು, ಬೈಗುಳ ಮಾತ್ರ ಬರಲಿಲ್ಲ.

ತುಮೆನ್ ಕೆಳಗಿಳಿದು ಬಾಗಿಲು ಹಾಕಿದ.

"ಮತ್ತೆ ಹಚ್ಕೋತೀನಿ ಅಕ್ಕ. ಈಗ ಹಸಿವಾಗ್ತಿದೆ" ಎಂದು ನನ್ನ ಅಂಗಡಿಯೊಳಗೆ ಬಂದು ಕುಳಿತ.